ಪಾಂಪ್ಲೆಟ್ ನೋಡಿ ಯಾರೂ ಮಗು ಬಿಡಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಹೆಣ್ಣುಮಕ್ಕಳು ಮನೆಯಲ್ಲೇ ಡೇ ಕೇರ್ (ಹಗಲು ಹೊತ್ತು ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಜಾಗ) ತೆರೆದು ತಿಂಗಳಿಗೆ ಅರ್ಧ ಲಕ್ಷ ಸಂಪಾದಿಸಬಹುದು ಅಂತ ಒಂದು ಲೇಖನ ಬಂದಿತ್ತು. ಅದರ ಫೋಟೊ ತೆಗೆದು ಮೂರು ಜನ ನನಗೆ ವಾಟ್ಸ್‌ಆ್ಯಪ್ ಮಾಡಿದರು. ಒಬ್ಬರು 'ಮಿಸ್, ನಿಮಗೂ ಅರ್ಧ ಲಕ್ಷ ಬರುತ್ತಾ?' ಅಂತಲೂ ಕೇಳಿದರು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಕಣ್ಣು ಕುಕ್ಕುವ ಬೋರ್ಡ್ ಹಾಕಿ, ಕರಪತ್ರ ಹಂಚಿ, ರೀಲ್ಸ್ ಮಾಡಿ, ಮೊದಲ ತಿಂಗಳು ರಿಯಾಯಿತಿ ಕೊಡಿ, ಮೂರು ತಿಂಗಳಲ್ಲಿ ಮನೆ ತುಂಬ ಮಕ್ಕಳು ಅಂತ ಲೇಖನದಲ್ಲಿ ಇದೆ. ಈ ನಾಲ್ಕನ್ನೂ ನಾನು ಮಾಡಿ ನೋಡಿದ್ದೇನೆ. ಮನೆ ತುಂಬ ಬಲೂನು ಇತ್ತು, ಮಕ್ಕಳಿರಲಿಲ್ಲ.

ನಾನು ತುಮಕೂರಿನ ಎಸ್.ಎಸ್. ಪುರಂನವಳು. ವಯಸ್ಸು 47. ಹದಿನಾಲ್ಕು ವರ್ಷ ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಿಸ್ ಆಗಿದ್ದೆ. ಯಜಮಾನರು ಬಸ್ ಕಂಡಕ್ಟರ್. ಮಗ ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಮಾವನವರು ಕಟ್ಟಿಸಿದ ಮನೆ. ಮುಂದೆ ಚಿಕ್ಕ ಅಂಗಳ, ಅದರಲ್ಲೊಂದು ಸೀಬೆ ಮರ. 2024ರ ವಿಜಯದಶಮಿ ದಿನ ಇಲ್ಲೇ ಡೇ ಕೇರ್ ಶುರು ಮಾಡಿದೆ. ಅಕ್ಷರಾಭ್ಯಾಸಕ್ಕೆ ಒಳ್ಳೆ ದಿನ ಅಂದಮೇಲೆ ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಒಳ್ಳೆ ದಿನವೇ ಅಲ್ವಾ.

ಪ್ರಚಾರಕ್ಕೆ ಖರ್ಚು ಮಾಡಿದ್ದಕ್ಕೆ ಇವತ್ತಿಗೂ ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಫ್ರೇಮ್ ಹಾಕಿಸಿದ ಫ್ಲೆಕ್ಸು ಎರಡು, ₹3,200. ಪಾಂಪ್ಲೆಟ್ ಮುದ್ರಿಸಿ, ಪೇಪರ್ ಹುಡುಗರ ಕೈಯಲ್ಲಿ ಹಂಚಿಸಿದ್ದಕ್ಕೆ ₹2,800. 'ಡಿಜಿಟಲ್ ಮಾರ್ಕೆಟಿಂಗ್' ಅಂತ ಒಬ್ಬ ಹುಡುಗ ಸಿಕ್ಕಿದ, ಅವನಿಗೆ ₹6,000. ಅವನು ಹೇಳಿದ ಹಾಗೆ ಜಾಹೀರಾತಿಗೆ ಹಾಕಿದ್ದು ಇನ್ನೊಂದು ₹3,000. ಆರಂಭೋತ್ಸವದ ಬಲೂನು, ಸಿಹಿ, ಮೈಕು ಸೇರಿ ₹4,500. ಒಟ್ಟು ₹19,500.

ಪಾಂಪ್ಲೆಟ್ ಕಥೆ ಮೊದಲು ಹೇಳುತ್ತೇನೆ. ನಿಮ್ಮ ಪತ್ರಿಕೆಯ ಒಳಗೇ ಇಡಿಸಿದ್ದೆ. ನುಣುಪು ಕಾಗದ, ನಾಲ್ಕು ಬಣ್ಣ. ಕೆಂಚು ಕೂದಲಿನ, ನೀಲಿ ಕಣ್ಣಿನ ಮಗು ಬ್ಲಾಕ್ಸ್ ಹಿಡಿದು ನಗುತ್ತಿರುವ ಚಿತ್ರ. ಪ್ರೆಸ್ಸಿನವರು ಇಂಟರ್ನೆಟ್ಟಿನಿಂದ ತೆಗೆದು ಹಾಕಿದ್ದು. ಹದಿನೈದು ದಿನ ಆದ ಮೇಲೆ ಅರಿಸಿನ ಕುಂಕುಮಕ್ಕೆ ಅಂತ ಪಕ್ಕದ ಬೀದಿಯ ಮನೆಗೆ ಹೋಗಿದ್ದೆ. ದೇವರ ಮನೆಯಲ್ಲಿ ದೀಪದ ಕಂಬದ ಕೆಳಗೆ ನನ್ನ ಪಾಂಪ್ಲೆಟ್ ಇತ್ತು. ನುಣುಪಾಗಿತ್ತಲ್ಲ, ಎಣ್ಣೆ ಕೆಳಗೆ ಇಳಿಯಬಾರದು ಅಂತ ಹಾಸಿದ್ದರು. ಮಗುವಿನ ಮುಖ ಅರ್ಧ ಎಣ್ಣೆಯಲ್ಲಿ ನೆಂದಿತ್ತು, ಫೋನ್ ನಂಬರ್ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ದಿನಾ ಎರಡು ಹೊತ್ತು ಪೂಜೆ ಸಿಗುತ್ತಿತ್ತು ಅನ್ನಿ, ಮಗು ಸಿಗಲಿಲ್ಲ.

ಒಟ್ಟು ಹನ್ನೊಂದು ಫೋನ್ ಬಂತು. ನಾಲ್ಕು ಜನ ಎಲ್‌ಕೆಜಿ ಫೀಸು ಎಷ್ಟು ಅಂತ ಕೇಳಿದರು. ಮೂರು ಜನ ಆಯಾ ಕೆಲಸ ಇದೆಯಾ ಅಂದರು. ಒಬ್ಬರು ಇನ್ಶೂರೆನ್ಸ್ ಏಜೆಂಟ್. ಇಬ್ಬರಿಗೆ ವಾರಕ್ಕೆ ಎರಡು ದಿನ ಮಾತ್ರ ಬೇಕಿತ್ತು. ಕೊನೆಯವರು ಬಂದು ನೋಡಿದರು. ನೋಡಿ ಹೋದರು, ಅಷ್ಟೇ.

ಬೋರ್ಡಿನ ಕಥೆ ಇನ್ನೂ ಚೆನ್ನಾಗಿದೆ. 'ಡೇ ಕೇರ್' ಅಂತ ದೊಡ್ಡದಾಗಿ ಕನ್ನಡ ಅಕ್ಷರದಲ್ಲೇ ಬರೆಸಿದ್ದೆ. ಒಂದು ದಿನ ಬೆಳಿಗ್ಗೆ ಒಬ್ಬರು ಅಜ್ಜ ಗೇಟು ತೆಗೆದು ಬಂದು ಜಗಲಿ ಮೇಲೆ ಕೂತು ತೋಳು ಮಡಚಿದರು. ಬಿಪಿ ನೋಡಮ್ಮ ಅಂದರು! ಅವರಿಗೆ ಹಿಂದಿನ ತಿಂಗಳು ಕಣ್ಣಿನ ಪೊರೆ ತೆಗೆದದ್ದು ಆಸ್ಪತ್ರೆಯ 'ಡೇ ಕೇರ್' ವಿಭಾಗದಲ್ಲಂತೆ. ಅವರದ್ದೇನು ತಪ್ಪು? ಕಾಫಿ ಕೊಟ್ಟು ಕಳಿಸಿದೆ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ ಅದೇ ವರ್ಷ ಸರ್ಕಾರ ಕಾನೂನು ತಂದಿತ್ತು. ಅಕ್ಷರ ಕನ್ನಡದ್ದಾದರೆ ಸಾಲದು ಅಂತ ನನಗೆ ಕಲಿಸಿದ್ದು ಆ ಅಜ್ಜ. ನಮ್ಮ ಕಡೆ ಜನ ಇದಕ್ಕೆ 'ಬೇಬಿ ಸಿಟ್ಟಿಂಗ್' ಅಂತಾರೆ, ಇಲ್ಲಾ 'ಮಕ್ಕಳನ್ನ ನೋಡ್ಕೊಳ್ಳೋ ಮನೆ' ಅಂತಾರೆ. ಈಗ ನನ್ನ ಬೋರ್ಡು ಎರಡೇ ಸಾಲು. 'ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತೇವೆ. ಬೆಳಿಗ್ಗೆ 6:30ರಿಂದ ರಾತ್ರಿ 8ರವರೆಗೆ.' ಎರಡನೇ ಸಾಲು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ಫ್ಲೆಕ್ಸನ್ನು ಆ ಡಿಜಿಟಲ್ ಮಾರ್ಕೆಟಿಂಗ್ ಹುಡುಗ ನನ್ನನ್ನು ಕೇಳದೆ ಲೈಟ್ ಕಂಬಕ್ಕೆ ಕಟ್ಟಿಸಿದ್ದ. ಎರಡೇ ದಿನದಲ್ಲಿ ಬಿಚ್ಚಿಕೊಂಡು ಹೋದರು. ಮೊದಲು ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಊರಿನ ಗೋಡೆ, ಕಂಬಗಳನ್ನು ಹೀಗೆ ಅಂದಗೆಡಿಸಬಾರದು ಅಂತ ನಮ್ಮ ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ. ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನಿಮ್ಮ ಲೇಖನ ಬರೆದವರು ಇದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಈಗ ಅದನ್ನು ಓದಿ ಎಷ್ಟು ಜನ ಫ್ಲೆಕ್ಸ್ ಅಂಗಡಿಗೆ ಹೋಗಿರುತ್ತಾರೋ.

ರೀಲ್ಸ್ ವಿಷಯ. ಒಂದು ಸಂಜೆ ಆ ಹುಡುಗ ಫೋನ್ ಮಾಡಿ, 'ಮೇಡಂ, ಎಂಗೇಜ್‌ಮೆಂಟ್ ಸೂಪರ್ ಆಗಿದೆ' ಅಂದ. ಯಾರದ್ದಪ್ಪ ಅಂದೆ. ನಿಜವಾಗಿ ಯಾವುದೋ ನಿಶ್ಚಿತಾರ್ಥ ಅಂತಲೇ ಅಂದುಕೊಂಡಿದ್ದೆ. ನೋಡಿದರೆ ರೀಲ್ಸಿಗೆ 412 ಲೈಕ್ ಬಂದಿತ್ತಂತೆ. ಯಾರ್ಯಾರು ಅಂತ ಕೂತು ನೋಡಿದೆ. ಬೀದರ್, ಮಂಗಳೂರು, ದಾವಣಗೆರೆ. ಬೀದರಿನವರು ತುಮಕೂರಿಗೆ ಬಂದು ಮಗು ಬಿಟ್ಟು ಹೋಗುತ್ತಾರಾ? ನನಗೆ ಬೇಕಾದವರು ನನ್ನ ಮನೆಯಿಂದ ಎರಡು ಕಿಲೋಮೀಟರ್ ಒಳಗಿರುವವರು. ಇಲ್ಲಾ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮ ಬೀದಿ ಹಾಯ್ದು ಹೋಗುವವರು. ಅವರ್‍ಯಾರೂ ಆ 412ರಲ್ಲಿ ಇರಲಿಲ್ಲ.

ರಿಯಾಯಿತಿಯಿಂದಂತೂ ನಷ್ಟವೇ ಆಯಿತು. ಮೊದಲ ತಿಂಗಳು ಅರ್ಧ ಫೀಸು ಅಂತ ಹಾಕಿದ್ದೆ. ನೋಡಲು ಬಂದ ತಂದೆಯೊಬ್ಬರು ಮೆತ್ತಗೆ ಕೇಳಿದರು. 'ಮೇಡಂ, ಸೀರೆಗೆ ಅರ್ಧ ರೇಟು ಅಂದ್ರೆ ಹಳೇ ಸ್ಟಾಕು ಅಂತ ಅರ್ಥ ಆಗುತ್ತೆ. ಮಗು ನೋಡ್ಕೊಳ್ಳೋಕೆ ಅರ್ಧ ರೇಟು ಅಂದ್ರೆ ನೀವು ಏನನ್ನ ಅರ್ಧ ಮಾಡ್ತೀರಿ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ರಾತ್ರಿ ಆ ಸಾಲಿನ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದೆ.

ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. ಯಜಮಾನರು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಕಷ್ಟವಾಯಿತು. ಹೊಸ ಚಾಪೆ, ಚಿಕ್ಕ ಹಾಸಿಗೆ ಎಲ್ಲ ಹಾಗೇ ಮಡಚಿ ಇಟ್ಟಿದ್ದೆ. ದಿನಾ ಬೆಳಿಗ್ಗೆ ಒರೆಸಿ ಇಡುವುದು, ಅದೇ ಕೆಲಸ.

ಡಿಸೆಂಬರಿನಲ್ಲಿ ನಮ್ಮ ಬೀದಿಗೆ ಹೂವು ತರುವ ಹೆಂಗಸು ನನ್ನನ್ನು ಈ ಪಾಡಿನಿಂದ ಬಿಡಿಸಿದಳು. ಬೆಳಿಗ್ಗೆ ಮೊದಲು ರೈಲ್ವೆ ಸ್ಟೇಷನ್ ಹತ್ತಿರ ಮಾರಿ, ಆಮೇಲೆ ಮನೆ ಮನೆಗೆ ಬರುತ್ತಾಳೆ. ನಿಮಗೆ ಗೊತ್ತಿರಬಹುದು, ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವ ಹೆಣ್ಣುಮಕ್ಕಳು ಲೆಕ್ಕವಿಲ್ಲದಷ್ಟು ಇದ್ದಾರೆ. ಅವರಲ್ಲಿ ಒಬ್ಬಳು, ಯಶವಂತಪುರದ ಕಡೆ ಆಫೀಸು, ಹೂವು ಕೊಳ್ಳುವಾಗ ಕಣ್ಣೀರು ಹಾಕಿಕೊಂಡಳಂತೆ. ರಜೆ ಮುಗಿದಿದೆ, ಅತ್ತೆಗೆ ಮಂಡಿ ನೋವು, ಇಡೀ ದಿನ ಮಗುವಿನ ಹಿಂದೆ ಓಡಲಾಗದು, ಕೆಲಸ ಬಿಡಬೇಕಾಗುತ್ತೆ ಅಂತ. 'ನಮ್ ಮಿಸ್ ಮನೆ ಐತೆ ಕಣಮ್ಮ, ಖಾಲಿ ಕೂತವ್ರೆ' ಅಂದಿದ್ದಾಳೆ ನಮ್ಮ ಹೂವಿನವಳು. 'ಖಾಲಿ ಕೂತವ್ರೆ' ಅನ್ನುವುದು ಯಾವ ಮಾರ್ಕೆಟಿಂಗ್ ಪುಸ್ತಕದಲ್ಲೂ ಒಳ್ಳೆ ಜಾಹೀರಾತಲ್ಲ. ಆದರೂ ಅವಳು ಬಂದಳು. ಬರುವಾಗ ಅತ್ತೆಯನ್ನೂ ಕರೆದುಕೊಂಡು ಬಂದಳು.

ಆ ಅತ್ತೆಯ ಬಗ್ಗೆ ಬರೆಯದೆ ಈ ಪತ್ರಕ್ಕೆ ಅರ್ಥವಿಲ್ಲ. ಗುಬ್ಬಿ ಕಡೆಯವರು, ಎಪ್ಪತ್ತರ ಹತ್ತಿರ. ನಾನು ನಮಸ್ಕಾರ ಮಾಡಿ, 'ಬನ್ನಿ ಅಮ್ಮ, ಕೂತ್ಕೊಳ್ಳಿ' ಅಂದೆ. ಕೂರಲಿಲ್ಲ. ನನ್ನ ಸರ್ಟಿಫಿಕೇಟುಗಳನ್ನು ಫೈಲಿನಲ್ಲಿ ಜೋಡಿಸಿ ಟೀಪಾಯಿ ಮೇಲೆ ಇಟ್ಟಿದ್ದೆ, ಅದರ ಕಡೆ ತಿರುಗಿಯೂ ನೋಡಲಿಲ್ಲ. ಮಂಡಿ ಹಿಡಿದುಕೊಂಡು ಸೀದಾ ಬಚ್ಚಲಿಗೆ ಹೋದರು. ಅಲ್ಲಿ ಬಕೆಟ್ ತುಂಬ ನೀರು ಇತ್ತು. ನಾವೆಲ್ಲ ನೀರು ಹಿಡಿದು ಇಡುವವರೇ ತಾನೆ?

'ಏನಮ್ಮಾ, ನೀರು ತುಂಬಿಟ್ಟಿದೀಯ. ಕೂಸು ಬಗ್ಗಿದ್ರೆ ಏನು ಗತಿ?'

ಹದಿನಾಲ್ಕು ವರ್ಷ ಮಿಸ್ ಆಗಿದ್ದವಳು ನಾನು. ಬಾಯಿ ಕಟ್ಟಿಹೋಯಿತು. ಅಲ್ಲೇ ಬಕೆಟ್ ಬಗ್ಗಿಸಿದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಅಂಗಳಕ್ಕೆ ಬಂದು ಸಂಪಿನ ಮುಚ್ಚಳದ ಮೇಲೆ ಕಾಲಿಟ್ಟು ಅಲುಗಾಡಿಸಿ ನೋಡಿದರು. ತಗಡಿನ ಮುಚ್ಚಳ, ಬೀಗ ಇರಲಿಲ್ಲ, ಸ್ವಲ್ಪ ಕದಲಿತು. ಏನೂ ಅನ್ನದೆ ನನ್ನ ಮುಖ ನೋಡಿದರು. ಗೇಟಿನ ಚಿಲಕ ಎಷ್ಟು ಎತ್ತರದಲ್ಲಿದೆ ಅಂತ ಕೈ ಅಳತೆ ಹಿಡಿದರು. ಅಡುಗೆಮನೆಗೆ ಬಂದು ಸಾರಿನ ಪಾತ್ರೆ ಮುಚ್ಚಳ ತೆಗೆದು, ಅಂಗೈಗೆ ಒಂದು ಸೌಟು ಹಾಕಿಸಿಕೊಂಡು ರುಚಿ ನೋಡಿದರು. ಖಾರ ಜಾಸ್ತಿ ಅಂದರು.

ಕೊನೆಗೆ ಕೂತರು. ಕೂತು ಕೇಳಿದ್ದು ಒಂದೇ ಪ್ರಶ್ನೆ. 'ಹಗಲೊತ್ತು ಮನೇಲಿ ಗಂಡಸರು ಯಾರ್‍ಯಾರು ಇರ್ತಾರೆ?'

ಈ ಪ್ರಶ್ನೆಯನ್ನು ಯಾರೂ ನೇರವಾಗಿ ಕೇಳುವುದಿಲ್ಲ, ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಇದ್ದದ್ದನ್ನು ಹೇಳಿದೆ. ಯಜಮಾನರು ಡ್ಯೂಟಿ ಇದ್ದ ದಿನ ಬೆಳಗಿನ ಜಾವವೇ ಹೋಗುತ್ತಾರೆ. ರಜೆಯ ದಿನ ಮನೆಯಲ್ಲೇ ಇರುತ್ತಾರೆ, ಮಾಳಿಗೆ ಮೇಲಿನ ರೂಮಿನಲ್ಲಿ. ಮಗ ತಿಂಗಳಿಗೊಮ್ಮೆ ಬರುತ್ತಾನೆ, ಬರುವ ಮುಂಚೆ ನಿಮಗೆ ಹೇಳುತ್ತೇನೆ. ಅವರು ತಲೆ ಆಡಿಸಿದರು. 'ಸಂಪಿಗೆ ಬೀಗ ಹಾಕ್ಸು. ಸೋಮವಾರದಿಂದ ಮೂರು ದಿನ ನಾನೂ ಬಂದು ಕೂರ್ತೀನಿ. ಆಮೇಲೆ ನೋಡಾಣ.'

ಸೋಮವಾರದೊಳಗೆ ಸಂಪಿಗೆ ಕಬ್ಬಿಣದ ಮುಚ್ಚಳ, ಬೀಗ ಎಲ್ಲ ಆಯಿತು. ₹1,900. ನನ್ನ ಲೆಕ್ಕದ ಪುಸ್ತಕದಲ್ಲಿ ಇದನ್ನೂ ಪ್ರಚಾರದ ಖರ್ಚು ಅಂತಲೇ ಬರೆದಿದ್ದೇನೆ. ಫಲ ಕೊಟ್ಟ ಮೊದಲನೇ ಖರ್ಚು ಅದು.

ಹೇಳಿದ ಹಾಗೆ ಮೂರು ದಿನ ಬಂದರು. ಅವರೆಕಾಯಿ ಕಾಲ. ಚೀಲದಲ್ಲಿ ಎರಡು ಕೆಜಿ ಅವರೆಕಾಯಿ ತಂದು, ನಡುಮನೆಯ ಮೂಲೆಯಲ್ಲಿ ಕಾಲು ಚಾಚಿ ಸುಲಿಯುತ್ತಾ ಕೂತರು. ಕಣ್ಣು ಮೊರದ ಮೇಲೆ ಇರುತ್ತಿರಲಿಲ್ಲ, ನನ್ನ ಕೈ ಮೇಲೆ ಇರುತ್ತಿತ್ತು. ನಾನು ರಾಗಿ ಸರಿ ತಿನ್ನಿಸುವುದು, ಬಟ್ಟೆ ಬದಲಾಯಿಸುವುದು, ಮಗು ಹಟ ಮಾಡಿದಾಗ ನನ್ನ ದನಿ ಏರುತ್ತದಾ ಅಂತ ನೋಡುತ್ತಿದ್ದರು. ಎರಡನೇ ದಿನ ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಯಿತು. ಮೂರನೇ ದಿನ ಮಧ್ಯಾಹ್ನ ಎದ್ದು ನಿಂತು, ಸುಲಿದ ಕಾಳಿನಲ್ಲಿ ಅರ್ಧ ನನ್ನ ಪಾತ್ರೆಗೆ ಸುರಿದು, 'ಇವತ್ತು ಸಾರು ಮಾಡ್ಕೊ, ಖಾರ ಕಮ್ಮಿ ಹಾಕು' ಅಂದು ಹೊರಟರು. ನಾಲ್ಕನೇ ದಿನ ಬರಲಿಲ್ಲ.

ಅವರು ಹೋದ ಕಡೆ ಎಲ್ಲ ನನ್ನ ಮನೆ ಮಾತು ಹೋಯಿತು. ಭಜನೆ ಮಂಡಳಿ, ಮದುವೆ ಮನೆ, ಸಿದ್ಧಗಂಗೆ ಜಾತ್ರೆ. ಏನು ಹೇಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ನಾನು ಒಳ್ಳೆಯವಳು, ಓದಿದವಳು ಅಂತೇನೂ ಅಲ್ಲ. 'ನಾನು ಹೇಳಿದ್ದಕ್ಕೆ ಎರಡೇ ದಿನದಲ್ಲಿ ಸಂಪಿಗೆ ಬೀಗ ಹಾಕ್ಸಿದ್ಲು' ಅಂತ. ಮಾರ್ಚ್ ಹೊತ್ತಿಗೆ ಐದು ಮಕ್ಕಳಾದರು. ನಾಲ್ಕು ಮಕ್ಕಳ ಅಜ್ಜಿಯರು ಬಂದವರೇ ಮೊದಲು ಸಂಪಿನ ಮೇಲೆ ಕಾಲಿಟ್ಟು ನೋಡಿದರು.

ನಿಮ್ಮ ಲೇಖನದಲ್ಲಿ 'ಕೆಲಸಕ್ಕೆ ಹೋಗುವ ತಾಯಂದಿರನ್ನು ತಲುಪಿ' ಅಂತ ಇದೆ. ನನ್ನ ಅನುಭವದಲ್ಲಿ ತಾಯಿ ಮೊದಲೇ ಒಪ್ಪಿರುತ್ತಾಳೆ ಪಾಪ, ಅವಳಿಗೆ ಬೇರೆ ದಾರಿ ಇರುವುದಿಲ್ಲ. 'ಮನೇಲಿ ಅಜ್ಜಿ ಇದ್ದೂ ಮಗೂನ ಬೇರೆಯವರ ಮನೇಲಿ ಬಿಟ್ಟರು' ಅನ್ನುವ ಮಾತು ಬೀಳುವುದು ಅಜ್ಜಿಯ ತಲೆಗೆ. ಅದಕ್ಕೇ ನಿರ್ಧಾರವೂ ಅವರದ್ದೇ. ಬಣ್ಣದ ಪಾಂಪ್ಲೆಟ್ಟಿನಲ್ಲಿ ಅವರಿಗೆ ಉತ್ತರ ಸಿಗುವುದಿಲ್ಲ. ಅಂದಹಾಗೆ ಗುಬ್ಬಿ ಕಡೆಯ ಆ ಅಮ್ಮ ನನ್ನ ಪಾಂಪ್ಲೆಟ್ ನೋಡಿ ಕೇಳಿದ್ದು, 'ಇದು ಯಾರ ಮನೆ ಕೂಸು?'

ಮಕ್ಕಳು ಬರಲು ಎರಡನೇ ದಾರಿ ರೈಲಿನಿಂದ ಬಂತು. ಅದೂ ನಾನು ಯೋಚಿಸಿ ಮಾಡಿದ್ದಲ್ಲ. ಕ್ಯಾಮೆರಾ ಹಾಕಿ ಅಂತ ತಾಯಂದಿರು ಕೇಳಿದರು, ನಡುಮನೆಗೆ ಒಂದು ಹಾಕಿಸಿದೆ. ಆದರೆ ರೈಲಿನಲ್ಲಿ ನೆಟ್‌ವರ್ಕ್ ಬಂದು ಹೋಗಿ ಆಗುತ್ತದೆ, ಚಿತ್ರ ನಿಂತುಬಿಡುತ್ತದೆ. ಮಗು ಅಳುವ ಮುಖದಲ್ಲೇ ಚಿತ್ರ ನಿಂತರೆ ಆ ತಾಯಿಯ ಗತಿ ಏನು ಹೇಳಿ. ಅದಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ವಾಯ್ಸ್ ಮೆಸೇಜ್ ಕಳಿಸಲು ಶುರು ಮಾಡಿದೆ. ಉದ್ದ ಏನಿಲ್ಲ. 'ಪುಟ್ಟ ಎರಡು ತುತ್ತು ಜಾಸ್ತಿ ತಿಂದ. ಅಮ್ಮ ಎಲ್ಲಿ ಅಂತ ಒಂದು ಸಲ ಕೇಳಿದ, ಸೀಬೆ ಮರದ ಅಳಿಲು ತೋರಿಸಿದೆ, ಮರೆತ.' ಅಷ್ಟೇ. ಒಂದು ದಿನ ಯಶವಂತಪುರದ ಆಫೀಸಿನ ಆ ತಾಯಿ ವಾಪಸ್ ಬರುವಾಗ ಮಹಿಳೆಯರ ಬೋಗಿಯಲ್ಲಿ ಸ್ಪೀಕರ್ ಹಾಕಿ ಕೇಳಿದ್ದಾಳೆ. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದವರು, ಸೊಪ್ಪು ಬಿಡಿಸುತ್ತಿದ್ದವರು, ಎಲ್ಲರೂ ಕಿವಿಗೊಟ್ಟಿದ್ದಾರೆ. ಮಾರನೇ ದಿನದಿಂದ 'ನಿಮ್ ಮಿಸ್ ಇವತ್ತೇನು ಹೇಳಿದ್ರು?' ಅಂತ ಕೇಳುವುದು ಅಭ್ಯಾಸವಾಯಿತಂತೆ. ಮೂರು ಮಕ್ಕಳು ಆ ಬೋಗಿಯಿಂದಲೇ ಬಂದವರು. ನನ್ನ ಬೋರ್ಡಿನಲ್ಲಿ 6:30 ಅಂತ ಇರುವುದೂ, ರಾತ್ರಿ 8 ಅಂತ ಇರುವುದೂ ಅವರಿಗೋಸ್ಕರ. ಊರಿನ ಶಾಲೆಗಳ ಜೊತೆ ಇರುವ ಡೇ ಕೇರ್‌ಗಳು ಸಂಜೆ ಆರಕ್ಕೆ ಬಾಗಿಲು ಹಾಕಿದರೆ, ರೈಲು ತಡವಾದ ದಿನ ಇವರೇನು ಮಾಡಬೇಕು?

ಮಕ್ಕಳ ಫೋಟೊ ಮಾತ್ರ ನಾನು ಸ್ಟೇಟಸ್‌ಗೆ ಹಾಕುವುದಿಲ್ಲ. ತಾಯಿಗೆ ಮಾತ್ರ ಕಳಿಸುತ್ತೇನೆ. 2023ರ ದತ್ತಾಂಶ ರಕ್ಷಣೆ ಕಾನೂನಿನಲ್ಲೂ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅಂತ ಇದೆ. ನನಗೆ ಕಾನೂನಿಗಿಂತ ದೃಷ್ಟಿಯ ಭಯ ಜಾಸ್ತಿ ಅನ್ನಿ, ಅಜ್ಜಿಯರಿಗಂತೂ ಇನ್ನೂ ಜಾಸ್ತಿ. ಸ್ನಾನ ಮಾಡಿಸುವ ರೀಲ್ಸ್ ಹಾಕುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ಒಂದು ಲೆಕ್ಕ ಹೇಳಲೇಬೇಕು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಮೊದಲ ಎರಡು ಮಕ್ಕಳಿಗೆ. ಆರು ತಿಂಗಳು ಅಂತ ನಾನೂ ಅಂದುಕೊಂಡಿದ್ದೆ, ಆರು ತಿಂಗಳ ಕೂಸುಗಳಿಗೇ ಎಲ್ಲ ಸಿದ್ಧ ಮಾಡಿದ್ದೆ. ಆದರೆ ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವರಿಗೆ ಹೆರಿಗೆ ಆದ ಮೇಲೆ ಉಳಿಯುವುದು 18 ವಾರ. ಅಂದರೆ ಮಗುವಿಗೆ ನಾಲ್ಕು ತಿಂಗಳು ಮುಗಿದಿರುತ್ತದೆ ಅಷ್ಟೇ. ರಾಗಿ ಸರಿ ಕೂಡ ಶುರುವಾಗಿರುವುದಿಲ್ಲ, ಎದೆಹಾಲು ಹಿಂಡಿಟ್ಟು ಹೋಗಬೇಕು. ಫ್ರಿಜ್ಜಿನಲ್ಲಿ ಅದಕ್ಕೇ ಬೇರೆ ಜಾಗ, ಬಾಟಲಿ ಮೇಲೆ ಹೆಸರು, ಸಮಯ. ಇನ್ನು ಬಟ್ಟೆ ಅಂಗಡಿ, ಚಿಕ್ಕ ಕ್ಲಿನಿಕ್ಕುಗಳಲ್ಲಿ ಕೆಲಸ ಮಾಡುವವರಿಗೆ ಎಷ್ಟೋ ಕಡೆ ಈ ರಜೆಯೂ ಇಲ್ಲ. ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಬಂದವಳನ್ನು ನಾನು ನೋಡಿದ್ದೇನೆ. ಆದ್ದರಿಂದ ರಜೆ ಮುಗಿಯುವ ವಾರ ಹುಡುಕಿಕೊಂಡು ಬರಲಿ ಅಂತ ಕಾಯಬಾರದು. ಬಾಣಂತನದಲ್ಲಿ ಇರುವಾಗಲೇ ಅವರ ಕಿವಿಗೆ ಬೀಳಬೇಕು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಗೊತ್ತಿರುವುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಮಿಸ್‌ಗೆ, ಎಣ್ಣೆ ಹಚ್ಚಿ ಎರೆಯುವ ಅಜ್ಜಿಗೆ. ನಾನು ಈ ಮೂವರನ್ನೂ ಒಂದು ಸಂಜೆ ಮನೆಗೆ ಕರೆದು, ಮನೆ ತೋರಿಸಿ, ಉಪ್ಪಿಟ್ಟು ಕೊಟ್ಟೆ. ಕಮಿಷನ್ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಕಮಿಷನ್ ಕೊಟ್ಟಿದ್ದರೆ ಅವರ ಮಾತಿಗೆ ಬೆಲೆ ಇರುತ್ತಿರಲಿಲ್ಲ.

ದುಡ್ಡಿಲ್ಲದೆ ಆಗುವ ಕೆಲಸಕ್ಕೂ ದುಡ್ಡು ಕೀಳುವವರಿದ್ದಾರೆ, ಎಚ್ಚರ. ಗೂಗಲ್ ಮ್ಯಾಪಿನಲ್ಲಿ ಮನೆ ಹೆಸರು ಸೇರಿಸುವುದು ಪೂರ್ತಿ ಉಚಿತ. ಬ್ಯಾಂಕಿನಲ್ಲಿ ವರ್ಗವಾಗಿ ಊರಿಗೆ ಹೊಸದಾಗಿ ಬಂದ ಒಬ್ಬರು ನನ್ನನ್ನು ಹುಡುಕಿದ್ದು ಅದರಲ್ಲೇ. ಇಂಟರ್ನೆಟ್ಟಿನಲ್ಲಿ ನನಗೆ ದಕ್ಕಿದ್ದು ಅದೊಂದೇ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿಯೂ ಉಚಿತ, ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ವೆಬ್‌ಸೈಟಿನಲ್ಲಿ ನಾವೇ ಮಾಡಿಕೊಳ್ಳಬಹುದು. ನನ್ನ ಹತ್ತಿರ ಒಬ್ಬ ₹1,500 ಕೇಳಿದ್ದ. ಮಕ್ಕಳಿಗೆ ಊಟ ಕೊಡುವುದರಿಂದ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದೆ. ನಾನು ಮಾಡಿಸಿದಾಗ ಸಣ್ಣವರಿಗೆ ವರ್ಷಕ್ಕೆ ₹100 ಇತ್ತು. ಆ ಕಾಗದವನ್ನು ಅಡುಗೆಮನೆ ಬಾಗಿಲ ಪಕ್ಕ ಅಂಟಿಸಿದ್ದೇನೆ.

ಆದರೆ ಜನ ಕೇಳುವ ಕಾಗದ ಅದಲ್ಲ. 'ಮಕ್ಕಳನ್ನ ನೋಡ್ಕೊಳ್ಳೋಕೆ ಸರ್ಕಾರದ ಕಾಗದ ಇದೆಯಾ?' ಅಂತ ಕೇಳುತ್ತಾರೆ. ಕೇಳಲೇಬೇಕು. ಅದಕ್ಕಾಗಿ ಮೂರು ಕಚೇರಿ ಅಲೆದೆ. ಯಾವುವು ಅಂತ ಬರೆಯುವುದಿಲ್ಲ, ಅಲ್ಲಿದ್ದವರೂ ನಮ್ಮ ಊರಿನವರೇ. ಮೊದಲನೆಯವರು ಅಂಗಡಿ ಪರವಾನಗಿ ಅರ್ಜಿ ಕೊಟ್ಟರು. ಎರಡನೆಯವರು ಇದು ಶಾಲೆ ಅಲ್ಲ, ನಮಗೆ ಬರುವುದಿಲ್ಲ ಅಂದರು. ಮೂರನೆಯವರು ನಕ್ಕು, 'ಮನೇಲಿ ಮಕ್ಕಳನ್ನ ಆಡಿಸೋದಕ್ಕೆ ಲೈಸೆನ್ಸ್ ಯಾಕಮ್ಮ?' ಅಂದರು. ನಾನು ಪೊಲೀಸ್ ವೆರಿಫಿಕೇಶನ್ ಮಾಡಿಸಿಕೊಂಡೆ, ನನ್ನದು, ಯಜಮಾನರದು, ಸಹಾಯಕ್ಕೆ ಬರುವ ಇಬ್ಬರದು. ಅದನ್ನೇ ತೋರಿಸುತ್ತೇನೆ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲೂ ಮಾತಾಡಿ ನೋಡಿದ್ದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕು ಅಂತ 2017ರಿಂದಲೇ ಕಾನೂನಿನಲ್ಲಿ ಇದೆ. ಅಲ್ಲಿಗೆ ಶಿಫ್ಟಿಗೆ ಹೋಗುವ ಕೆಲವರು ನಮ್ಮ ಬಡಾವಣೆಯಲ್ಲೇ ಇದ್ದಾರೆ, ಅವರ ಮಕ್ಕಳನ್ನು ಇಲ್ಲೇ ನೋಡಿಕೊಳ್ಳಬಹುದಲ್ಲ ಅಂತ. ಅವರು ಮೊದಲು ಕೇಳಿದ್ದೂ ಅದೇ ಕಾಗದ. ಮಾತು ಅಲ್ಲಿಗೇ ನಿಂತಿತು.

ನಿಮ್ಮ ಪತ್ರಿಕೆ ಬರೆಯಬೇಕಾದದ್ದು ಇದನ್ನು. ಸರ್ಕಾರದವರು ವಾರ್ಡಿಗೊಂದು ಇಂಥ ಮನೆಗಳ ಪಟ್ಟಿ ಮಾಡಲಿ. ವರ್ಷಕ್ಕೆ ಎರಡು ಸಲ, ಹೇಳದೆ ಕೇಳದೆ, ಯಾರಾದರೂ ಬಂದು ಸಂಪು, ಬಚ್ಚಲು, ಗ್ಯಾಸು, ಗೇಟು ನೋಡಿ ಹೋಗಲಿ. ನೋಡಿದ್ದಕ್ಕೆ ಒಂದು ಕಾಗದ ಕೊಡಲಿ, ಬೋರ್ಡಿನ ಪಕ್ಕ ಹಾಕಿಕೊಳ್ಳುತ್ತೇವೆ. ಅಂಗನವಾಡಿಯನ್ನು ನೋಡಿ. ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ನೂರು ಕೇಂದ್ರದಿಂದ ಶುರುವಾಯಿತು. ಇವತ್ತು ಯಾವ ಹಳ್ಳಿಯಲ್ಲಿ ಅಂಗನವಾಡಿ ಅಂದರೂ ಯಾರೂ 'ಹಾಗಂದ್ರೇನು?' ಅನ್ನುವುದಿಲ್ಲ. ಈಗ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಮಾಡಿದ್ದಾರೆ. 2023ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗೆ ಅಂತ ಹೇಳಿದ್ದರು. ಆ ಹೆಸರು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಕೂಸಿನ ಮನೆ! ನಾನು ₹19,500 ಕೊಟ್ಟು ಹೇಳಲಾಗದ್ದು ಎರಡೇ ಪದದಲ್ಲಿ ಇದೆ. ಪೇಟೆಯಲ್ಲಿ ನಮ್ಮಂಥವರ ಮನೆಗೂ ಆ ಹೆಸರು, ಆ ಲೆಕ್ಕ, ಆ ತಪಾಸಣೆ ಬಂದರೆ ಯಾರೂ ಬೇಡ ಅನ್ನುವುದಿಲ್ಲ.

ಈಗ ಅರ್ಧ ಲಕ್ಷದ ವಿಷಯ. ನನ್ನ ಹತ್ತಿರ ಒಂಬತ್ತು ಮಕ್ಕಳಿದ್ದಾರೆ. ಏಳು ಜನ ಇಡೀ ದಿನ, ತಲಾ ₹4,500. ಇಬ್ಬರು ಅರ್ಧ ದಿನ, ತಲಾ ₹2,800. ಒಟ್ಟು ₹37,100. ಸಹಾಯಕ್ಕೆ ಬರುವ ಇಬ್ಬರಿಗೆ ಸೇರಿ ₹15,000. ಹಾಲು, ತರಕಾರಿ, ಗ್ಯಾಸು ₹6,500. ಕರೆಂಟು, ನೀರು, ಸೋಪು, ಫಿನಾಯಿಲು, ಇಂಟರ್ನೆಟ್ಟು ₹2,600. ಕೈಗೆ ಉಳಿಯುವುದು ₹13,000. ಸ್ವಂತ ಮನೆ ಇದ್ದದ್ದಕ್ಕೆ ಇಷ್ಟು. ಬಾಡಿಗೆ ಮನೆಯಾಗಿದ್ದರೆ ಏನು ಉಳಿಯುತ್ತಿತ್ತೋ ನೀವೇ ಲೆಕ್ಕ ಹಾಕಿ. ಇನ್ನೂ ಹತ್ತು ಮಕ್ಕಳನ್ನು ತುಂಬಿಸಿಕೊಂಡರೆ ಅರ್ಧ ಲಕ್ಷ ಮುಟ್ಟಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಮಧ್ಯಾಹ್ನ ಮೂರು ಕೂಸು ಒಟ್ಟಿಗೆ ಎದ್ದು ಅಳಲು ಶುರು ಮಾಡಿದಾಗ ನನಗೆ ಇರುವುದು ಎರಡೇ ಕಂಕುಳು. ಹೋದ ತಿಂಗಳು ಇಬ್ಬರನ್ನು ಜಾಗ ಇಲ್ಲ ಅಂತ ವಾಪಸ್ ಕಳಿಸಿದೆ. ಅದರಲ್ಲಿ ಒಬ್ಬರು ಇನ್ನೊಬ್ಬರಿಗೆ, 'ಆಯಮ್ಮ ದುಡ್ಡು ಬರುತ್ತೆ ಅಂತ ತುಂಬಿಸ್ಕೊಳ್ಳಲ್ಲ' ಅಂತ ಹೇಳಿದರಂತೆ. ಅವರ ಮಗು ಜೂನಿನಲ್ಲಿ ಬರಲಿದೆ, ನನ್ನ ಹತ್ತಿರ ಇರುವ ದೊಡ್ಡವನು ಎಲ್‌ಕೆಜಿಗೆ ಹೋದ ಮೇಲೆ.

ಲೇಖನ ಬರೆದವರ ಮೇಲೆ ನನಗೆ ಕೋಪ ಇಲ್ಲ. ಮುಂದಿನ ಸಲ ಬರೆಯುವ ಮುಂಚೆ ಯಾವುದಾದರೂ ಒಂದು ಮನೆಯಲ್ಲಿ ಬೆಳಿಗ್ಗೆ ಆರೂವರೆಯಿಂದ ಕೂರಲಿ. ಅವರೆಕಾಯಿ ನಾನೇ ಕೊಡುತ್ತೇನೆ.

ನನ್ನ ಹೆಸರು, ವಿಳಾಸ, ಫೋನ್ ನಂಬರನ್ನು ನಿಮ್ಮ ಕಚೇರಿಯ ತಿಳಿವಳಿಕೆಗೆ ಬೇರೆ ಚೀಟಿಯಲ್ಲಿ ಬರೆದು ಲಗತ್ತಿಸಿದ್ದೇನೆ. ದಯವಿಟ್ಟು ಪತ್ರದ ಕೆಳಗೆ ನಂಬರ್ ಹಾಕಬೇಡಿ. ಜೂನ್‌ವರೆಗೆ ನನ್ನ ಹತ್ತಿರ ಜಾಗ ಇಲ್ಲ.

ಇಂತಿ,
ಒಬ್ಬ ಓದುಗಿ
ಎಸ್.ಎಸ್. ಪುರಂ, ತುಮಕೂರು